ಝೀರೋಲ್ಯಾಂಡಿನ ಬಾಕಿ ಲೆಕ್ಕ

ಚಂದ್ರಂಪಳ್ಳಿಯ ಅಣೆಕಟ್ಟಿನ ಹಿಂದಿನ ಗುಡ್ಡಗಳಲ್ಲೆಲ್ಲೋ ಝೀರೋಲ್ಯಾಂಡ್ ಇದೆ ಎಂದು ಬಾಲ್ಯದಲ್ಲಿ ನಾವು ನಾಲ್ವರು ಮಕ್ಕಳು ಗಟ್ಟಿಯಾಗಿ ನಂಬಿದ್ದೆವು.

ನಗಬೇಡಿ. ಕಲಬುರಗಿ ಜಿಲ್ಲೆಯೆಂದರೆ ಬಿಸಿಲು, ತೊಗರಿ, ಕಲ್ಲುಗಣಿ ಎಂದಷ್ಟೇ ತಿಳಿದವರು ಚಿಂಚೋಳಿ ತಾಲೂಕಿನ ಈ ಮೂಲೆಗೆ ಬಂದರೆ ಬೆರಗಾಗುತ್ತಾರೆ. ಕಾಡು, ಗುಡ್ಡ, ನಡುವೆ ನಿಂತ ನೀರು. 2011ರಲ್ಲಿ ಈ ಪ್ರದೇಶ ವನ್ಯಜೀವಿ ಧಾಮವಾಯಿತು. ನಾನು ಹೇಳುತ್ತಿರುವುದು ಅದಕ್ಕಿಂತ ಎರಡು ದಶಕ ಹಿಂದಿನ ಮಾತು. ನನ್ನ ಮಾಮು ಅಣೆಕಟ್ಟಿನ ಕೆಲಸದಲ್ಲಿದ್ದರು. ಬೇಸಿಗೆ ರಜೆ ಬಂತೆಂದರೆ ಅಮ್ಮೀ ನಮ್ಮನ್ನು ಕಟ್ಟಿಕೊಂಡು ತಮ್ಮನ ಮನೆಗೆ ಹೊರಡುತ್ತಿದ್ದರು. ಮಾಮುವಿನ ಮಂಚದ ಕೆಳಗೆ ಒಂದು ತಗಡಿನ ಟ್ರಂಕು ಇತ್ತು. ಅದರ ತುಂಬ ಅಂಗೈಯಗಲದ ಉರ್ದು ಕಾದಂಬರಿಗಳು. ಹೆಚ್ಚುಕಡಿಮೆ ಎಲ್ಲವೂ ಒಬ್ಬನೇ ಲೇಖಕನವು: ಇಬ್ನೆ ಸಫಿ.

ಕನ್ನಡ ಓದುಗರಿಗೆ ಈ ಹೆಸರು ಅಷ್ಟಾಗಿ ಪರಿಚಿತವಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಒಂದು ಕಾಲಕ್ಕೆ ಕನ್ನಡದ ಸಾಮಾನ್ಯ ಜನರನ್ನು ಓದಿಗೆ ಎಳೆದಂತೆ ಉರ್ದುವಿನಲ್ಲಿ ಆ ಕೆಲಸ ಮಾಡಿದವರು ಇಬ್ನೆ ಸಫಿ. ನಿಜನಾಮ ಅಸ್ರಾರ್ ಅಹ್ಮದ್. 1928ರಲ್ಲಿ ಅಲಹಾಬಾದ್ ಜಿಲ್ಲೆಯ ನಾರಾ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯ ಹೆಸರು ಸಫಿಯುಲ್ಲಾ, ಆದ್ದರಿಂದ ಇವರು 'ಸಫಿಯ ಮಗ'. ಮೊದಲು ಕವಿ, ಆಮೇಲೆ ವಿಡಂಬನಕಾರ. ಉರ್ದುವಿನಲ್ಲಿ ಅಶ್ಲೀಲ ಪುಸ್ತಕ ಬಿಟ್ಟರೆ ಬೇರೇನೂ ಮಾರಾಟವಾಗದು ಎಂದು ಗೆಳೆಯರ ಕೂಟದಲ್ಲಿ ಯಾರೋ ಅಂದರಂತೆ. ಹಾಗಾದರೆ ಅದಿಲ್ಲದೆ ಬರೆದು ತೋರಿಸುತ್ತೇನೆ ಎಂದು ಇವರು ಹೊರಟರು. 1952ರ ಮಾರ್ಚ್‌ನಲ್ಲಿ ಅಲಹಾಬಾದಿನಿಂದ 'ಜಾಸೂಸಿ ದುನಿಯಾ' ಮಾಲೆಯ ಮೊದಲ ಕಾದಂಬರಿ 'ದಿಲೇರ್ ಮುಜ್ರಿಮ್' ಹೊರಬಂತು. ಅದರ ಕಥಾವಸ್ತು ಇಂಗ್ಲಿಷ್ ಲೇಖಕ ವಿಕ್ಟರ್ ಗನ್‌ನಿಂದ ಪಡೆದದ್ದು ಎಂಬುದನ್ನು ಅವರೇ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ಪಾಕಿಸ್ತಾನಕ್ಕೆ ಹೋದರು. ಕರಾಚಿಯಲ್ಲಿ ನೆಲೆಸಿ 1955ರಲ್ಲಿ 'ಖೌಫ್‌ನಾಕ್ ಇಮಾರತ್' ಕಾದಂಬರಿಯಿಂದ ಎರಡನೆಯ ಮಾಲೆ 'ಇಮ್ರಾನ್ ಸೀರೀಸ್' ಆರಂಭಿಸಿದರು. ಆದರೆ ಅಲಹಾಬಾದಿನ ಗೆಳೆಯ, ಪ್ರಕಾಶಕ ಅಬ್ಬಾಸ್ ಹುಸೈನಿ ಭಾರತದ ಆವೃತ್ತಿಗಳನ್ನು ಅಚ್ಚು ಹಾಕುತ್ತಲೇ ಇದ್ದರು. ಲೇಖಕ ಗಡಿಯ ಆಚೆ, ಮುದ್ರಣ ಎರಡೂ ಕಡೆ. 1980ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಎರಡೂ ಮಾಲೆ ಸೇರಿ ಪುಸ್ತಕಗಳ ಸಂಖ್ಯೆ 250ರ ಸಮೀಪಕ್ಕೆ ಬಂದಿತ್ತು.

ನಮ್ಮ ಭಾಗಕ್ಕೆ ಈ ಪುಸ್ತಕಗಳು ಬರಲು ಕಾರಣ ಹುಡುಕಬೇಕಾಗಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್ ಎಲ್ಲವೂ 1948ರವರೆಗೆ ನಿಜಾಮರ ರಾಜ್ಯ. ಶಾಲೆ, ಕಚೇರಿ, ಕೋರ್ಟು ಎಲ್ಲ ಉರ್ದುವಿನಲ್ಲೇ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಭಾಷೆ ಬದಲಾಯಿತು, ಓದುವ ಕಣ್ಣು ಅಷ್ಟು ಬೇಗ ಬದಲಾಗಲಿಲ್ಲ. 1874ರಲ್ಲೇ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾಕಿದ್ದರು. ಹೈದರಾಬಾದಿನ ಪತ್ರಿಕೆ, ಪುಸ್ತಕ, ಬಟ್ಟೆ, ಬಿಸ್ಕತ್ತು ಎಲ್ಲವೂ ಆ ಹಳಿಯ ಮೇಲೆ ನಮ್ಮಲ್ಲಿಗೆ ಬರುತ್ತಿದ್ದವು. ಶಹಾಬಾದ್, ವಾಡಿಗಳ ಸಿಮೆಂಟ್ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಕಾರ್ಮಿಕ ಓದಬೇಕೆಂದರೆ ಮೀರ್, ಗಾಲಿಬ್‌ಗಿಂತ ಮೊದಲು ಕೈಗೆ ಸಿಗುತ್ತಿದ್ದದ್ದು ಇಬ್ನೆ ಸಫಿಯೇ.

ಓದುಗರು ಮುಸ್ಲಿಮರಷ್ಟೇ ಎಂದು ತಿಳಿಯಬಾರದು. ಮಾಮುವಿನ ಟ್ರಂಕಿನ ಅತಿ ದೊಡ್ಡ ಗಿರಾಕಿ ಒಬ್ಬ ಲಿಂಗಾಯತ ಮಾಸ್ತರರು. ನಿವೃತ್ತರು, ಅರವತ್ತು ದಾಟಿದವರು. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲೇ ಕಲಿತು, ಆಮೇಲೆ ಕನ್ನಡ ಶಾಲೆಗೆ ಪಾಠ ಹೇಳಲು ಕನ್ನಡವನ್ನು ಹೊಸದಾಗಿ ತಿದ್ದಿಕೊಂಡವರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ 'ಜಾಸೂಸಿ ದುನಿಯಾ'. ಸಂಜೆ ಮಾಮು ಮತ್ತು ಅವರು ಅಂಗಳದ ಮಂಚದ ಮೇಲೆ ಕೂತರೆ ನಮಗೆ ಅದೇ ಸಿನಿಮಾ.

ಈ ಕಾದಂಬರಿಗಳನ್ನು ಪತ್ತೇದಾರಿ ಎನ್ನುವುದು ಅರ್ಧ ಸತ್ಯ. ಉರ್ದುವಿನ ಸಾಮಾನ್ಯ ಓದುಗನಿಗೆ ವಿಜ್ಞಾನ ಕಾದಂಬರಿಯ ರುಚಿ ಹತ್ತಿಸಿದವರೂ ಇವರೇ. 'ತೂಫಾನ್ ಕಾ ಅಗ್ವಾ' ಕಾದಂಬರಿಯಲ್ಲಿ ಒಂದು ಯಂತ್ರಮಾನವ ಬರುತ್ತದೆ. ಉಕ್ಕು ಎಂಬರ್ಥದ ಫೌಲಾದ್ ಮತ್ತು ಆದ್ಮಿ ಸೇರಿಸಿ ಅದಕ್ಕೆ 'ಫೌಲಾದ್ಮಿ' ಎಂದು ಹೆಸರಿಟ್ಟರು. ಅದು ನಗರದ ಚೌಕದಲ್ಲಿ ನಿಂತು ವಾಹನ ಸಂಚಾರ ನಿಯಂತ್ರಿಸುತ್ತದೆ. 'ಜಂಗಲ್ ಕೀ ಆಗ್' ಕಾದಂಬರಿಯಲ್ಲಿ ಅಂಗವಿಕಲರನ್ನು ಬಲಾಢ್ಯ ವನಮಾನುಷರನ್ನಾಗಿ ಬದಲಿಸುವ ಯಂತ್ರವಿದೆ. ಕರೆಂಟೇ ಸರಿಯಾಗಿ ಬಾರದ ಊರುಗಳಲ್ಲಿ ಕಂದೀಲಿನ ಬೆಳಕಿನಲ್ಲಿ ಜನ ಇದನ್ನೆಲ್ಲ ಓದಿದರು.

ಇನ್ನು ಝೀರೋಲ್ಯಾಂಡ್. ಜಗತ್ತಿನ ಪ್ರತಿಭಾವಂತರನ್ನು ಸೆಳೆದುಕೊಂಡು, ಯಾವ ಸರ್ಕಾರಕ್ಕೂ ಇಲ್ಲದ ಯಂತ್ರಗಳನ್ನು ಕಟ್ಟಿ, ಇಡೀ ಭೂಮಿಯನ್ನು ಆಳಬೇಕೆಂದು ಹೊರಟ ಒಂದು ಗುಪ್ತ ರಾಜ್ಯ. ಅದರ ದೊಡ್ಡ ಏಜೆಂಟಳು ಥ್ರೇಸಿಯಾ, ಸಂಕ್ಷಿಪ್ತವಾಗಿ 'ಟಿ ತ್ರೀ ಬಿ'. ಮುಂದೆ ಸಿಂಗ್ ಹೀ ಎಂಬ ಚೀನೀ ಖಳನೂ ಅದನ್ನು ಸೇರುತ್ತಾನೆ. ಝೀರೋಲ್ಯಾಂಡ್ ಎಲ್ಲಿದೆ? ಲೇಖಕ ಹೇಳಲೇ ಇಲ್ಲ. ಓದುಗರು ವರ್ಷಗಟ್ಟಲೆ ಕಾದರು, ಸುಳಿವು ಸಿಕ್ಕಿತು, ಬಾಗಿಲು ಸಿಗಲಿಲ್ಲ. ನಾವು ಅದನ್ನು ಚಂದ್ರಂಪಳ್ಳಿಯ ಗುಡ್ಡದ ಹಿಂದೆ ಇಟ್ಟುಕೊಂಡದ್ದು ಹೀಗೆ.

ಮಾಸ್ತರರ ತಕರಾರು ಬೇರೆಯದೇ ಇತ್ತು. ಝೀರೋಲ್ಯಾಂಡ್ ಎಲ್ಲಿದ್ದರೂ ಅವರಿಗೆ ಆಗುತ್ತಿತ್ತು. ಥ್ರೇಸಿಯಾ ತಪ್ಪಿಸಿಕೊಳ್ಳುವುದು ಮಾತ್ರ ಅವರಿಗೆ ಸಹಿಸುತ್ತಿರಲಿಲ್ಲ. ಅವಳಿಗೆ ಇಮ್ರಾನ್ ಮೇಲೆ ಪ್ರೀತಿ. ಇಮ್ರಾನ್‌ಗೆ ಅವಳ ಮೇಲೆ ಏನು ಎಂಬುದು ಕೊನೆಗೂ ಸ್ಪಷ್ಟವಿಲ್ಲ. ಕೈಗೆ ಸಿಕ್ಕಂತಾಗುತ್ತಾಳೆ, ಜಾರುತ್ತಾಳೆ.

"ಅಲ್ರೀ ಸಾಬ್ರ, ಈ ಹೆಣ್ಮಗಳಿಗಿ ಇನ್ನಾ ಎಷ್ಟ್ ಸಲ ಬಿಡ್ತಾನ್ರೀ ನಿಮ್ಮ ಇಮ್ರಾನ್? ಸತ್ತವರ ಲೆಕ್ಕ ಯಾರು ಕೊಡಬೇಕು?" ಎಂದು ಅವರು ಕೇಳುತ್ತಿದ್ದರು.

ಮಾಮು ನಗುತ್ತಿದ್ದರು. "ಮಾಸ್ತರ್ ಸಾಬ್, ಆಕಿ ಸಿಕ್ಕರ ಮುಂದಿನ ನಂಬರ್‌ನಾಗ ನಾವು ಏನ್ ಓದಬೇಕ್ರೀ?"

ಈ ಎರಡು ಮಾತುಗಳಲ್ಲಿ ಮಾಲೆ ಸಾಹಿತ್ಯದ ಎಲ್ಲ ಇಕ್ಕಟ್ಟೂ ಇದೆ. ಒಂದೇ ಕಥೆಯಾದರೆ ಪಾಪಕ್ಕೆ ಫಲ ಕೊಟ್ಟು ಮುಗಿಸಬಹುದು. ತಿಂಗಳು ತಿಂಗಳು ಬರಬೇಕಾದ ಕಥೆಗೆ ಖಳರು ಬದುಕಿರಬೇಕು, ನಾಯಕ ಬದಲಾಗಕೂಡದು. ಹಿಂದಿನ ಪುಸ್ತಕದಲ್ಲಿ ಸತ್ತವರನ್ನು ಮುಂದಿನ ಪುಸ್ತಕ ನೆನೆಯುತ್ತ ಕೂತರೆ ಕಥೆ ನಡೆಯುವುದಿಲ್ಲ. ನಾನೂ ಕಥೆ ಬರೆಯುವವನು, ಆದ್ದರಿಂದ ಲೇಖಕನ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಮಾಸ್ತರರ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಏಕೆಂದರೆ ಇಬ್ನೆ ಸಫಿ ಕೇವಲ ಮನರಂಜನೆಗೆ ಬರೆಯುತ್ತೇನೆ ಎಂದವರಲ್ಲ. ಜನರಲ್ಲಿ ಕಾನೂನಿನ ಬಗ್ಗೆ ಗೌರವ ಮೂಡಿಸುವುದು ತಮ್ಮ ಬರವಣಿಗೆಯ ಉದ್ದೇಶ ಎಂದು ಹೇಳಿಕೊಂಡವರು. ಆ ಅಳತೆಗೋಲು ಅವರೇ ಕೊಟ್ಟದ್ದು.

ಆ ಅಳತೆಗೆ 'ಜಾಸೂಸಿ ದುನಿಯಾ'ದ ನಾಯಕ ಅಹ್ಮದ್ ಕಮಾಲ್ ಫರೀದಿ ಹೊಂದುತ್ತಾನೆ. ಶ್ರೀಮಂತ, ಬ್ರಹ್ಮಚಾರಿ, ಕಲ್ಲಿನಂತಹ ಮನುಷ್ಯ, ಕಾನೂನು ಎಂದರೆ ಕಾನೂನು. ಅವನ ಸಹಾಯಕ ಹಮೀದ್ ಹುಡುಗಾಟಿಕೆಯವನು, ಆದರೂ ಫರೀದಿಯ ನೆರಳಿನಲ್ಲಿರುವವನು. ಇಮ್ರಾನ್ ಹಾಗಲ್ಲ. ಆಕ್ಸ್‌ಫರ್ಡಿನ ಡಾಕ್ಟರೇಟ್ ಪಡೆದೂ ಪೆದ್ದನಂತೆ ನಟಿಸುವವನು. ಗುಪ್ತಚರ ಇಲಾಖೆಯ ಮುಖ್ಯಸ್ಥನಾದ ತಂದೆ ರಹಮಾನ್ ಸಾಹೇಬರು ಮಗನನ್ನು ಮನೆಯಿಂದ ಹೊರಗೆ ಹಾಕಿದ್ದಾರೆ. ಅಡುಗೆಯವ ಸುಲೇಮಾನ್ ಜೊತೆ ಬೇಳೆಯ ವಿಷಯಕ್ಕೆ ಜಗಳವಾಡುವ ಈ ಮನುಷ್ಯನೇ ಗುಟ್ಟಾಗಿ 'ಎಕ್ಸ್ ಟೂ', ಅಂದರೆ ಸೀಕ್ರೆಟ್ ಸರ್ವೀಸಿನ ಮುಖ್ಯಸ್ಥ. ಇದು ಸರ್ ಸುಲ್ತಾನ್‌ಗೆ ಗೊತ್ತು, ಬ್ಲ್ಯಾಕ್ ಝೀರೋಗೆ ಗೊತ್ತು. ಅವನ ಆಜ್ಞೆಗೆ ಪ್ರಾಣ ಒತ್ತೆಯಿಡುವ ಸಫ್ದರ್, ತನ್ವೀರ್, ಖಾವರ್, ಜೂಲಿಯಾ ಅವರಿಗೆ ಗೊತ್ತಿಲ್ಲ. ಸ್ವಿಸ್ ಮೂಲದ ಜೂಲಿಯಾಗೆ ತಾನು ನೋಡದ ಎಕ್ಸ್ ಟೂ ಮೇಲೆ ಒಲವು, ಎದುರಿಗಿರುವ ಇಮ್ರಾನ್ ಮೇಲೆ ಸಿಡುಕು. ಇಬ್ಬರೂ ಒಬ್ಬನೇ ಎಂಬುದು ಅವನಿಗೆ ಗೊತ್ತು, ಅವಳಿಗಿಲ್ಲ. ಚಿಕ್ಕಂದಿನಲ್ಲಿ ನಾವು ಇದಕ್ಕೆ ಹೊಟ್ಟೆ ಹಿಡಿದು ನಕ್ಕಿದ್ದೇವೆ. ಈಗ ಓದಿದರೆ ಅಷ್ಟು ನಗು ಬರುವುದಿಲ್ಲ. ತನ್ನ ಮುಖವನ್ನೇ ತೋರಿಸದ ಒಬ್ಬ ಅಧಿಕಾರಿ, ಯಾವ ಕೋರ್ಟಿಗೂ ಉತ್ತರ ಹೇಳಬೇಕಾಗಿಲ್ಲದ ಒಂದು ದಳ, ಮತ್ತು ಓದುಗನಾದ ನಾನು ಅವರಿಗೆ ಚಪ್ಪಾಳೆ ಹೊಡೆಯುತ್ತಿರುವುದು. ಕಾನೂನಿನ ಗೌರವ ಎಲ್ಲಿ ಹೋಯಿತು?

'ಜಂಗಲ್ ಕೀ ಆಗ್' ಓದಿದಾಗಲೂ ಹೀಗೇ ಆಗಿತ್ತು. ಖಳನ ಗತಿ ಏನಾಯಿತೆಂಬ ಕುತೂಹಲ ತಣಿದ ಮೇಲೂ ಯಂತ್ರದೊಳಗೆ ಹೋದ ಆ ಬಡಪಾಯಿಗಳು ತಲೆಯಿಂದ ಹೋಗಲಿಲ್ಲ. ಅಂಗವಿಕಲನಾಗಿದ್ದವನಿಗೆ ಬಲ ಬಂತು, ಮನುಷ್ಯತ್ವ ಹೋಯಿತು. ಅವನಿಗೆ ಮನೆಯವರು ಇರಲಿಲ್ಲವೇ? ರಾತ್ರಿ ನಾನು ಕೇಳಿದ್ದಕ್ಕೆ ಅಮ್ಮೀ, "ಸೋಜಾ ರೇ, ಕಿತಾಬಾಂ ಮೇಂ ಐಸಾಚ್ ರಹತಾ" ಎಂದು ದೀಪ ಆರಿಸಿದ್ದರು.

ಕಥಾಸಂದರ್ಭದ ಎಡವಟ್ಟುಗಳಿಗಂತೂ ಲೆಕ್ಕವಿಲ್ಲ. ಫರೀದಿ ಮೊದಲು ಪೊಲೀಸ್ ಇನ್‌ಸ್ಪೆಕ್ಟರ್, ಹಮೀದ್ ಸಾರ್ಜೆಂಟ್. ನಡುವೆ ಒಬ್ಬ ಕರ್ನಲ್ ಆಗುತ್ತಾನೆ, ಇನ್ನೊಬ್ಬ ಕ್ಯಾಪ್ಟನ್. ಪೊಲೀಸರಿಗೆ ಸೈನ್ಯದ ಪದವಿ! 1952ರಿಂದ 1980ರವರೆಗೆ 28 ವರ್ಷ ಯಾರಿಗೂ ವಯಸ್ಸಾಗುವುದಿಲ್ಲ. 'ಝಮೀನ್ ಕೇ ಬಾದಲ್' ಎಂಬ ಒಂದು ಪುಸ್ತಕದಲ್ಲಿ ಫರೀದಿ ಮತ್ತು ಇಮ್ರಾನ್ ಇಬ್ಬರೂ ಬರುತ್ತಾರೆ. ಹಾಗಾದರೆ ಇಬ್ಬರದೂ ಒಂದೇ ದೇಶವೋ, ಬೇರೆ ಬೇರೆಯೋ? ಒಂದೇ ಆದರೆ ಉಳಿದ ಪುಸ್ತಕಗಳಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ಏಕಿಲ್ಲ? ಓದುಗರು ಇಂಥದ್ದನ್ನು ಬರೆದು ಕಳಿಸುತ್ತಿದ್ದರು. ಲೇಖಕರು ಮುಂದಿನ ಪುಸ್ತಕದ ಮುನ್ನುಡಿಯಲ್ಲಿ, ಅದಕ್ಕೆ ಅವರಿಟ್ಟ ಹೆಸರು 'ಪೇಶ್‌ರಸ್', ಚಟಾಕಿ ಹಾರಿಸಿ ಉತ್ತರಿಸುತ್ತಿದ್ದರು. ಕೆಲವರು ಆ ಎರಡು ಪುಟಕ್ಕಾಗಿಯೇ ಪುಸ್ತಕ ಕೊಳ್ಳುತ್ತಿದ್ದರು.

ಹಿಂದಿ ಆವೃತ್ತಿಯದು ಇನ್ನೂ ಸ್ವಾರಸ್ಯ. ಅಲಹಾಬಾದಿನಿಂದಲೇ ಬರುತ್ತಿದ್ದ ಆ ಆವೃತ್ತಿಯಲ್ಲಿ ಫರೀದಿ 'ವಿನೋದ್' ಆದ, ಇಮ್ರಾನ್ 'ರಾಜೇಶ್' ಆದ. ಹಮೀದ್ ಮಾತ್ರ ಹಮೀದ್ ಆಗಿಯೇ ಉಳಿದ. ಹಿಂದಿ ಓದುಗರು ನಾಯಕನ ಮುಸ್ಲಿಂ ಹೆಸರನ್ನು ಒಪ್ಪಲಾರರು, ಸಹಾಯಕನದ್ದಾದರೆ ಒಪ್ಪಿಯಾರು ಎಂದು ಲೆಕ್ಕ ಹಾಕಿದರೋ ಏನೋ. 2009ರ ನಂತರದ ಹೊಸ ಹಿಂದಿ ಮುದ್ರಣಗಳಲ್ಲಿ ಮೂಲ ಹೆಸರುಗಳು ಮರಳಿದವು. ಇಂಗ್ಲಿಷಿಗೂ ಬಂದವು. 2011ರಲ್ಲಿ ಚೆನ್ನೈನ ಪ್ರಕಾಶನವೊಂದಕ್ಕಾಗಿ ನಾಲ್ಕು ಕಾದಂಬರಿಗಳನ್ನು ಅನುವಾದಿಸಿದವರು ಶಮ್ಸುರ್ರಹಮಾನ್ ಫಾರೂಖಿ. ಉರ್ದುವಿನ ಅತಿ ದೊಡ್ಡ ವಿಮರ್ಶಕರಲ್ಲಿ ಒಬ್ಬರಾದ ಅವರೇ ಮುಟ್ಟಿದ ಮೇಲೆ, ದಿಂಬಿನ ಕೆಳಗೆ ಬಚ್ಚಿಟ್ಟು ಓದುತ್ತಿದ್ದವರಿಗೆಲ್ಲ ಒಂದು ಬಗೆಯ ಸಮಾಧಾನ!

ಅತಿ ದೊಡ್ಡ ಎಡವಟ್ಟು ದೇಶದ್ದೇ. ರಾಮ್‌ಗಢ, ಸರ್ದಾರ್‌ಗಢ, ಶಕ್ರಾಲ್ ಎಂದೆಲ್ಲ ಊರುಗಳು ಬರುತ್ತವೆ. ಸಮುದ್ರ ಬೇಕಾದಾಗ ಸಮುದ್ರ, ಹಿಮ ಬೇಕಾದಾಗ ಹಿಮ. ದೇಶದ ಹೆಸರು ಮಾತ್ರ ಬಹುತೇಕ ಎಲ್ಲೂ ಇಲ್ಲ. ಭೂಗೋಳ ಬಲ್ಲವರು ಇದನ್ನು ದೋಷವೆನ್ನಬಹುದು. ನನ್ನ ಅಭಿಪ್ರಾಯದಲ್ಲಿ ಇಡೀ ಮಾಲೆ ನಿಂತದ್ದೇ ಈ ದೋಷದ ಮೇಲೆ. ದೇಶ ಬಿಟ್ಟು ಹೋದ ಲೇಖಕ ಆ ಕಡೆ ಕೂತು ಎರಡೂ ಕಡೆಯ ಓದುಗರಿಗೆ ಬರೆಯುತ್ತಿದ್ದಾನೆ. ಹೆಸರು ಹೇಳಿದ ಕ್ಷಣ ಅರ್ಧ ಓದುಗರು ಹೊರಗಿನವರಾಗುತ್ತಾರೆ. ಹೇಳದಿದ್ದರೆ ಕರಾಚಿಯವನಿಗೂ ಸೇಡಂನವನಿಗೂ ಅದು ತನ್ನದೇ ಊರು.

ಇದಕ್ಕೆ ಇತಿಹಾಸವೇ ಒಂದು ಸಾಕ್ಷಿ ಕೊಟ್ಟಿದೆ. 1960ರಿಂದ ಮೂರು ವರ್ಷ ಇಬ್ನೆ ಸಫಿ ತೀವ್ರ ಮಾನಸಿಕ ಕಾಯಿಲೆಗೆ ಬಿದ್ದು ಒಂದಕ್ಷರ ಬರೆಯಲಿಲ್ಲ. ಆ ಅವಧಿಯಲ್ಲಿ ಅವರ ಹೆಸರನ್ನೇ ಅಷ್ಟಿಷ್ಟು ತಿರುಚಿಕೊಂಡ ನಕಲಿ 'ಸಫಿ'ಗಳು ಮಾರುಕಟ್ಟೆಯಲ್ಲಿ ಹುಟ್ಟಿಕೊಂಡರು. ಒಂದು ಪುಸ್ತಕದ ಫರೀದಿಗೂ ಇನ್ನೊಂದರ ಫರೀದಿಗೂ ಸಂಬಂಧವಿಲ್ಲದಂತಾಯಿತು. ಒಬ್ಬ ಹಕೀಮರ ಚಿಕಿತ್ಸೆಯಿಂದ ಗುಣವಾಗಿ 1963ರಲ್ಲಿ ಅವರು 'ಡೇಢ್ ಮತ್‌ವಾಲೇ' ಬರೆದರು. ಅದರ ಭಾರತೀಯ ಆವೃತ್ತಿಯನ್ನು ಬಿಡುಗಡೆ ಮಾಡಿದವರು ಲಾಲ್ ಬಹಾದ್ದೂರ್ ಶಾಸ್ತ್ರಿ. ಆಗಷ್ಟೇ ಕೇಂದ್ರ ಗೃಹಮಂತ್ರಿ ಸ್ಥಾನ ಬಿಟ್ಟಿದ್ದರು, ಮರುವರ್ಷ ಪ್ರಧಾನಿಯಾದರು. 1965ರಲ್ಲಿ ಅದೇ ಶಾಸ್ತ್ರಿಯವರ ಕಾಲದಲ್ಲಿ ಎರಡು ದೇಶಗಳ ನಡುವೆ ಯುದ್ಧವಾಯಿತು, ವ್ಯಾಪಾರ ನಿಂತಿತು, 1971ರಲ್ಲಿ ಮತ್ತೊಂದು ಯುದ್ಧ. ಇಷ್ಟಾದರೂ ಟ್ರಂಕಿನ ಪುಸ್ತಕಗಳೊಳಗೆ ಆ ಯುದ್ಧ ಬರಲಿಲ್ಲ. ಶತ್ರು ಝೀರೋಲ್ಯಾಂಡೇ ಆಗಿತ್ತು.

ಟ್ರಂಕಿನಲ್ಲಿ ಒಂದು ಪುಸ್ತಕಕ್ಕೆ ಕೊನೆಯ ಹಾಳೆಗಳು ಇರಲಿಲ್ಲ. ಗೆದ್ದಲು ತಿಂದಿತ್ತೋ, ಯಾರಾದರೂ ಹರಿದಿದ್ದರೋ. ಆ ಜಾಗದಲ್ಲಿ ನೋಟ್‌ಬುಕ್ಕಿನ ಹಾಳೆಗಳನ್ನು ಹೊಲಿದು, ಅಂದವಾದ ಉರ್ದು ಕೈಬರಹದಲ್ಲಿ ಕಥೆ ಮುಂದುವರಿಸಲಾಗಿತ್ತು. ಅದರಲ್ಲಿ ಥ್ರೇಸಿಯಾ ಸಿಕ್ಕಿಬೀಳುತ್ತಾಳೆ. ಕೈಗೆ ಕೋಳ ಬೀಳುತ್ತದೆ. ಸತ್ತವರ ಹೆಸರುಗಳನ್ನು ಒಂದೊಂದಾಗಿ ಓದಿ ಹೇಳಲಾಗುತ್ತದೆ. ಅವಳನ್ನು ಒಪ್ಪಿಸುವುದು ಯಾವ ಕೋರ್ಟಿಗೆ ಗೊತ್ತೇ? ಗುಲಬರ್ಗಾದ ಜಿಲ್ಲಾ ಕೋರ್ಟಿಗೆ! ಹತ್ತು ವರ್ಷದ ನಾನು ಅದನ್ನೇ ನಿಜವಾದ ಕೊನೆ ಎಂದು ನಂಬಿ, ಗುಲಬರ್ಗಾಕ್ಕೆ ಹೋದಾಗ ಕೋರ್ಟಿನ ಮುಂದೆ ನಿಂತು ಹಣಿಕಿ ನೋಡಿದ್ದೆ. ಬಹಳ ವರ್ಷಗಳ ಮೇಲೆ ಹೈದರಾಬಾದಿನಲ್ಲಿ ಅದೇ ಪುಸ್ತಕದ ಪೂರ್ತಿ ಪ್ರತಿ ಸಿಕ್ಕಿತು. ಅಚ್ಚಿನಲ್ಲಿ ಅವಳು ಎಂದಿನಂತೆ ಪಾರಾಗಿದ್ದಳು. ಹೊಲಿದ ಹಾಳೆಗಳ ಕೈಬರಹ ಮಾಸ್ತರರದ್ದು.

ಅವರಿಗೆ ಈ ಹಟ ಏಕೆ ಎಂದು ಆಗ ಹೊಳೆದಿರಲಿಲ್ಲ. ಅವರ ಹರೆಯದ ದಿನಗಳಲ್ಲಿ ಈ ಭಾಗ ಮೊದಲು ರಜಾಕಾರರ ಹಾವಳಿ ಕಂಡಿತು, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಮರ ಕಗ್ಗೊಲೆ ಕಂಡಿತು. ಪಂಡಿತ್ ಸುಂದರಲಾಲ್ ಸಮಿತಿ ಬಂದು ವಿಚಾರಿಸಿ, ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಎಣಿಸಿತು. ಆ ವರದಿ ಹಲವು ದಶಕ ಬೆಳಕು ಕಾಣಲಿಲ್ಲ. ನಮ್ಮ ನಾನಾನ ಮನೆಯಲ್ಲೂ ಮಾಸ್ತರರ ಮನೆಯಲ್ಲೂ ಆ ಎರಡು ವರ್ಷಗಳ ಮಾತು ಯಾರೂ ಎತ್ತುತ್ತಿರಲಿಲ್ಲ. ಅಂಗಳದ ಮಂಚದ ಮೇಲೆ ಸತ್ತವರ ಲೆಕ್ಕ ಕೇಳುವುದಿದ್ದರೆ ಅದು ಥ್ರೇಸಿಯಾಳ ಹೆಸರಿನಲ್ಲಿ ಮಾತ್ರ ಸಾಧ್ಯವಿತ್ತು.

1980ರ ಜುಲೈ 26ರಂದು ಇಬ್ನೆ ಸಫಿ ಕರಾಚಿಯಲ್ಲಿ ನಿಧನರಾದರು. ಕೊನೆಯ ಇಮ್ರಾನ್ ಕಾದಂಬರಿ 'ಆಖ್ರಿ ಆದ್ಮಿ' ಅವರ ನಂತರ ಹೊರಬಂತು. ಝೀರೋಲ್ಯಾಂಡಿನ ವಿಳಾಸ ಅವರೊಡನೆಯೇ ಹೋಯಿತು. ಆದರೆ ಇಮ್ರಾನ್‌ನನ್ನು ಸಾಯಲು ಬಿಡಲಿಲ್ಲ. ಅನೇಕರು ಅವನ ಹೆಸರಿನಲ್ಲಿ ಬರೆದರು. ಮುಲ್ತಾನಿನ ಮಝರ್ ಕಲೀಮ್ 2018ರಲ್ಲಿ ತೀರಿಕೊಳ್ಳುವವರೆಗೆ ನೂರಾರು ಪುಸ್ತಕ ಬರೆದು ಲಕ್ಷಾಂತರ ಓದುಗರನ್ನು ಗಳಿಸಿದರು. ವೇಗವಾದ ಕಥೆ, ಹೊಸ ಹೊಸ ಆಯುಧ. ಅವರು ಇಮ್ರಾನ್‌ನ ದೇಶಕ್ಕೆ ಹೆಸರಿಟ್ಟರು, 'ಪಾಕೇಶಿಯಾ'. ನೆರೆಯ ಶತ್ರು ದೇಶಕ್ಕೂ ಹೆಸರು ಬಂತು, 'ಕಾಫಿರಿಸ್ತಾನ್'. ಯಾವುದು ಯಾವುದೆಂದು ತಿಳಿಯಲು ನಕ್ಷೆ ಬೇಕಾಗಿಲ್ಲ. ಇಬ್ನೆ ಸಫಿ ಬಿಟ್ಟ ಅತಿ ದೊಡ್ಡ ಕಂದಕ ತುಂಬಿತು, ಭೂಗೋಳ ಸರಿಹೋಯಿತು.

1993ರ ಬೇಸಿಗೆ. ಹಿಂದಿನ ಡಿಸೆಂಬರಿನಲ್ಲಿ ಅಯೋಧ್ಯೆಯಲ್ಲಿ ಆದದ್ದು ಆಗಿಹೋಗಿತ್ತು. ಮಾಸ್ತರರು ಕೆಲವು ತಿಂಗಳು ಮಾಮುವಿನ ಮನೆ ಕಡೆ ಬಂದಿರಲಿಲ್ಲ, ಮಾಮುವೂ ಕರೆದಿರಲಿಲ್ಲ. ನಾವು ರಜೆಗೆ ಹೋದಾಗ ಒಂದು ಸಂಜೆ ಅವರೇ ಬಂದರು. ಮಾತು ಎಲ್ಲಿಂದ ಶುರು ಮಾಡುವುದೆಂದು ಇಬ್ಬರಿಗೂ ತೋಚಲಿಲ್ಲ. ಮಾಮು ಒಳಗೆ ಹೋಗಿ, ಯಾರೋ ಹೈದರಾಬಾದಿನಿಂದ ತಂದುಕೊಟ್ಟಿದ್ದ ಇಮ್ರಾನ್‌ನ ಹೊಸ ಪುಸ್ತಕವೊಂದನ್ನು ತಂದು ಕೊಟ್ಟರು. ಬೇರೆ ಲೇಖಕರದ್ದು. ಮಾಮು ಅದನ್ನು ಓದಿರಲಿಲ್ಲ.

ಮೂರನೆಯ ದಿನ ಮಾಸ್ತರರು ಪುಸ್ತಕ ಮರಳಿಸಲು ಬಂದರು. ಧೂಳು ಹತ್ತಬಾರದೆಂದು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿದ್ದರು. ಮಂಚದ ಮೇಲೆ ಇಟ್ಟು ಹೇಳಿದರು: "ಸಾಬ್ರ, ಇದರಾಗ ನಾ ಯಾವ ಕಡಿ ಅದೀನಿ ಅಂತ ಹುಡುಕಿದೆ. ನೀವು ಯಾವ ಕಡಿ ಅದೀರಿ ಅನ್ನೋದೂ ತಿಳೀಲಿಲ್ರೀ."

ಮಾಮು ಅಂದೇ ರಾತ್ರಿ ಅದನ್ನು ಓದಿದರು. ಮರುದಿನ ಬೆಳಿಗ್ಗೆ ಚಹಾ ಕುಡಿಯದೆ ಮಾಸ್ತರರ ಮನೆಗೆ ಹೊರಟರು. ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿರಬೇಕು, ಹೋದ ಮೇಲೆ ಏನೂ ಹೇಳಲಿಲ್ಲ. ಮಾಸ್ತರರ ಮನೆಯವರು ಚಹಾ ಕೊಟ್ಟರು, ಇಬ್ಬರೂ ಮಳೆ ಬಗ್ಗೆ, ತೊಗರಿ ಧಾರಣೆ ಬಗ್ಗೆ ಮಾತಾಡಿದರು. ಎದ್ದು ಹೊರಡುವಾಗ ಮಾಸ್ತರರು ಬಾಗಿಲವರೆಗೆ ಬಂದು ಕೇಳಿದರು:

"ಹಳೇ ನಂಬರ್ ಯಾವುದರೆ ಇದ್ದರ ಕೊಟ್ಟ್ ಕಳಸ್ರೀ. ಓದಿದ್ದಾದರೂ ನಡೀತದ."